ಹನ್ನೊಂದು ಮನೆ ಸುತ್ತಿದ ಹುಳದ ಪೊಟ್ಟಣ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಹಾರನಹಳ್ಳಿಯಲ್ಲಿ ನನ್ನನ್ನು ಬಲ್ಲವರೆಲ್ಲ ಇದನ್ನು ಒಪ್ಪುತ್ತಾರೆ, ನನ್ನ ಹೆಂಡತಿ ಪ್ರಮೀಳಾ ಕೇಳುವ ಮೊದಲೇ ಒಪ್ಪುತ್ತಾಳೆ. ಹೋದ ವರ್ಷ ಆ ಕೋಪವನ್ನು ಯಾರ ಮೇಲೆ ತೋರಿಸಬಾರದಿತ್ತೋ ಅವರ ಮೇಲೇ ತೋರಿಸಿಬಿಟ್ಟೆ. ಅವರು ಹುಣಸೂರಿನ ಶಾಜಿಯಾ, ಅಂದಕ್ಕೆಂದು ಗಾಜಿನ ತೊಟ್ಟಿಗಳಲ್ಲಿ ಮೀನು ಸಾಕಿ ಮಾರುವವರು. ಅವರಿಂದಾಗಿ ನನ್ನ ಅವ್ವ ಇವತ್ತು ನಡೆದಾಡುತ್ತಿದ್ದಾಳೆ. ಅವರ ಬಗ್ಗೆ ನಾಲ್ಕು ಮಾತು ಬರೆಯದೆ ಇದ್ದರೆ ನನಗೆ ಸಮಾಧಾನವಿಲ್ಲ.

ಶಾಜಿಯಾ ಹುಟ್ಟಿದ್ದು ಭೇರ್ಯದಲ್ಲಿ. ಹುಣಸೂರಿನ ಬಡಗಿ ಶಕೀಲ್ ಅವರನ್ನು ಮದುವೆಯಾಗಿ ಬಂದಾಗ ಅವರಿಗೆ ಗೊತ್ತಿದ್ದುದು ಸಾರಿನ ಮೀನು ಮಾತ್ರ. ಶಕೀಲ್ ಯಾರಿಗೋ ಮಾಡಿದ ಶೋಕೇಸ್ ಅಳತೆ ತಪ್ಪಿ ಮನೆಯಲ್ಲೇ ಉಳಿಯಿತು. ಅದರ ಗಾಜು ಬಿಚ್ಚಿ ಶಾಜಿಯಾ ತೊಟ್ಟಿ ಮಾಡಿದರು. ನಾಲ್ಕು ಸಲ ಸೋರಿತು, ಐದನೇ ಸಲ ನೀರು ನಿಂತಿತು. ಮನೆಯವರು ನಕ್ಕರು. ಹದಿನಾರು ವರ್ಷದ ಹಿಂದಿನ ಮಾತು ಇದು. ಈಗ ಮನೆಯ ಮುಂದಿನ ಕೋಣೆಯೇ ಅಂಗಡಿ, ಗೋಡೆಯ ಉದ್ದಕ್ಕೂ ಶಕೀಲ್ ಮಾಡಿದ ಸ್ಟ್ಯಾಂಡುಗಳು, ಅವುಗಳ ಮೇಲೆ ತೊಟ್ಟಿಗಳು. ಪಿರಿಯಾಪಟ್ಟಣ, ಸರಗೂರುಗಳಿಂದಲೂ ಜನ ಹುಡುಕಿಕೊಂಡು ಬರುತ್ತಾರೆ.

ಬರುವುದು ಮೀನಿಗಿಂತ ಹೆಚ್ಚಾಗಿ ಮೀನಿನ ಊಟಕ್ಕೆ. ನೂಲಿನ ಎಳೆಯಂಥ ಕೆಂಪು ಹುಳಗಳನ್ನು ಐಸಿನಲ್ಲಿ ಚಪ್ಪಟೆಯಾಗಿ ಗಟ್ಟಿ ಮಾಡಿ ಮಾರುತ್ತಾರೆ. ಶಾಜಿಯಾ ಅದನ್ನು ಮೈಸೂರಿನಿಂದ ಥರ್ಮಾಕೋಲ್ ಡಬ್ಬಿಯಲ್ಲಿ ಇಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಹಸುಗೂಸಿನ ಹಾಗೆ ಹಿಡಿದು ತರುತ್ತಾರೆ. ಮೊದಲ ಸಲ ತಂದಾಗ ದೊಡ್ಡ ತುಂಡನ್ನು ಹಾಗೇ ತೊಟ್ಟಿಗೆ ಹಾಕಿದ್ದರಂತೆ. ಆರು ಮೀನು ಹೊಟ್ಟೆ ಉಬ್ಬರಿಸಿ ಸತ್ತವು. "ಆ ಆರೇ ನನ್ಗೆ ಪಾಠ ಕಲ್ಸಿದ್ದು ಕಣಣ್ಣ" ಎನ್ನುತ್ತಾರೆ. ಈಗ ಉಗುರಿನಷ್ಟು ತುಂಡು ಮುರಿದು, ಟೀ ಸೋಸುವ ಜರಡಿಯಲ್ಲಿಟ್ಟು, ತೊಟ್ಟಿಯ ನೀರನ್ನೇ ಬಟ್ಟಲಿಗೆ ತೆಗೆದು ಅದರಲ್ಲಿ ಅದ್ದುತ್ತಾರೆ. ಐಸು ಬಿಟ್ಟು ಹುಳ ಬಿಡಿಬಿಡಿಯಾದ ಮೇಲೆ ಆ ಕೆಂಪು ನೀರನ್ನು ಚೆಲ್ಲಿ, ಎರಡೆರಡು ಎಳೆ ಹಾಕುತ್ತಾರೆ. ಹತ್ತು ನಿಮಿಷದಲ್ಲಿ ಮಿಕ್ಕಿದ್ದನ್ನು ಎತ್ತಿಬಿಡುತ್ತಾರೆ. ಒಮ್ಮೆ ಕರಗಿದ್ದು ಮತ್ತೆ ಫ್ರೀಜರ್ ಸೇರುವ ಹಾಗಿಲ್ಲ. ಇಷ್ಟೆಲ್ಲ ಯಾಕಮ್ಮ ಎಂದು ಒಮ್ಮೆ ನಾನು ಗೊಣಗಿದ್ದೆ.

"ಫ್ರಿಜ್ಜಿಂದ ತೆಗ್ದ ಅನ್ನ ನೀವು ಅಂಗೇ ಉಣ್ತೀರೇನಣ್ಣ? ಅದ್ಕೂ ಒಂದು ಹೊಟ್ಟೆ ಐತಲ್ವಾ?" ಎಂದರು.

ಈ ಹುಳ ಇಡುವುದು ಮನೆಯ ಫ್ರೀಜರಿನಲ್ಲೇ. ಕವರಿನ ಮೇಲಿನ ಹುಳದ ಚಿತ್ರ ಕಂಡರೆ ಅವರ ಅತ್ತೆಗೆ ಊಟ ಸೇರುವುದಿಲ್ಲ. ಅದಕ್ಕೆ ಶಾಜಿಯಾ ಆ ಕವರು ಕಿತ್ತು, ಬರೀ ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮೂಲೆಯಲ್ಲಿಡುತ್ತಿದ್ದರು.

ಇನ್ನು ನಮ್ಮ ಅವ್ವ ಭಾಗ್ಯಮ್ಮನ ವಿಷಯ. ನಾನು ಷೋಕಿಗೆಂದು ಶಾಜಿಯಾ ಹತ್ತಿರ ಒಂದು ಕಪ್ಪು ಮೀನು ತಂದಿದ್ದೆ. ಚಾಕುವಿನಂತೆ ಚಪ್ಪಟೆ, ಹಿಂದಕ್ಕೂ ಮುಂದಕ್ಕೂ ಒಂದೇ ಸಮ ಈಜುತ್ತದೆ, ಹಗಲೆಲ್ಲ ಕೊಳವೆಯೊಳಗೆ ಅಡಗಿರುತ್ತದೆ. ನನಗದು ಮೂರು ತಿಂಗಳಲ್ಲಿ ಬೇಸರವಾಯಿತು. ಅವ್ವ ಮಾತ್ರ ಅದಕ್ಕೆ ಕರಿಯ ಎಂದು ಹೆಸರಿಟ್ಟು, ಹೊಗೆಸೊಪ್ಪು ಕಟ್ಟಿ ಕಟ್ಟಿ ದಡ್ಡುಗಟ್ಟಿದ ಕೈಯನ್ನು ದಿನವೂ ನೀರಿಗಿಟ್ಟು ಕೂತಳು. ಕಡೆಗೆ ಅದು ಅವಳ ಅಂಗೈಯಿಂದಲೇ ಹುಳ ತಿನ್ನುವುದನ್ನು ಕಲಿಯಿತು. ಕಾಳಿನ ಆಹಾರ, ಎರೆಹುಳ, ಸೀಗಡಿ ಯಾವುದನ್ನೂ ಮೂಸುವುದಿಲ್ಲ.

ಹೋದ ವರ್ಷ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಮೈಸೂರಿನಲ್ಲಿ ಆಪರೇಷನ್ ಆಗಬೇಕು, ನಾನೂ ಪ್ರಮೀಳಾಳೂ ಅಲ್ಲೇ ಇರಬೇಕು. ಹೋಗುವ ದಾರಿಯಲ್ಲಿ ಕರಿಯನನ್ನು ಬಕೆಟ್ಟಿನಲ್ಲಿ ಹಾಕಿಕೊಂಡು ಹೋಗಿ ಶಾಜಿಯಾ ಕೈಗೆ ಕೊಟ್ಟೆವು.

ಆಪರೇಷನ್ ಚೆನ್ನಾಗಿ ಆಯಿತು. ಆದರೆ ಅವ್ವ ಏಳಲೊಲ್ಲಳು. ಈಗ ನಿಲ್ಲದಿದ್ದರೆ ಹಾಸಿಗೆಯೇ ಗತಿಯಾಗುತ್ತದೆ ಎಂದು ಡಾಕ್ಟರು ಎಚ್ಚರಿಸಿದರು. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ದಿನಕ್ಕೆ ಒಂದೇ ಮಾತು ಕೇಳುತ್ತಿದ್ದಳು, "ಕರಿಯ ಉಣ್ತೇನ್ಲಾ?"

ಕರಿಯ ಉಣ್ಣುತ್ತಿರಲಿಲ್ಲ. ಹೊಸ ತೊಟ್ಟಿಗೆ ಹೆದರಿ ಐದು ದಿನ ಉಪವಾಸ ಬಿದ್ದಿತ್ತು. ಶಾಜಿಯಾ ದಿನಾ ಸಂಜೆ ನೀರೊಳಗೆ ಕೈಯಿಟ್ಟು ಅರ್ಧ ಗಂಟೆ ಕೂರುತ್ತಿದ್ದರಂತೆ. ಆರನೇ ದಿನ ಬಂದು ಅವರ ಅಂಗೈಯಿಂದ ತಿಂದಿತು. ಸುದ್ದಿ ಹೇಳಿದಾಗ ಅವ್ವ ಮೊದಲ ಸಲ ತಾನಾಗಿ ದಿಂಬಿಗೆ ಒರಗಿ ಕೂತಳು. "ಇನ್ನು ನಾಕು ದಿನ ಉಂಡ್ರೆ ನಾನೂ ಎದ್ದು ನಿಂತ್ಕತೀನಿ ಬುಡು" ಎಂದಳು. ನಾನು ಹಲ್ಲು ಕಚ್ಚಿ ನಾಲ್ಕು ದಿನ ಎಣಿಸತೊಡಗಿದೆ.

ಅಷ್ಟರಲ್ಲಿ ಬಕ್ರೀದ್ ಬಂತು. ಹಬ್ಬದ ಮೂರನೇ ದಿನ ಮಧ್ಯಾಹ್ನ ಎಂದಿನಂತೆ ಶಾಜಿಯಾಗೆ ಫೋನ್ ಮಾಡಿದೆ.

"ನಿನ್ನೆಯಿಂದ ಉಂಡಿಲ್ಲ ಅಣ್ಣ. ಹುಳ ಇಲ್ಲ. ಮೈಸೂರಲ್ಲಿ ಅಂಗ್ಡೀನೂ ತೆಗ್ದಿಲ್ಲ. ತಪ್ಪು ನಮ್ದೇ. ಸಂಜೆ ಒಳ್ಗೆ ಏನಾದ್ರೂ ಮಾಡ್ತೀನಿ" ಎಂದರು.

ನನ್ನ ತಲೆ ಕೆಟ್ಟುಹೋಯಿತು. "ಒಂದು ಮೀನಿನ ಹೊಟ್ಟೆಗೆ ಹಾಕಕ್ಕಾಗ್ದವ್ರು ಅಂಗ್ಡಿ ಯಾಕ್ರೀ ಇಟ್ಕೊಂಡಿದ್ದೀರಿ? ನಿಮ್ಗೆ ಹಬ್ಬ ಬಂದ್ರೆ ಮೂಕಪ್ರಾಣಿ ಮರ್ತೋಯ್ತಾ?" ಎಂದು ಆಸ್ಪತ್ರೆಯ ವರಾಂಡದಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ಕೂಗಾಡಿದೆ. ಶಾಜಿಯಾ "ತಪ್ಪಾಯ್ತಣ್ಣ" ಎಂದು ಫೋನ್ ಇಟ್ಟರು.

ಸಂಜೆ ಆರಕ್ಕೆ ಒಂದು ವಿಡಿಯೊ ಬಂತು. ನೀರಿನೊಳಗೆ ಬಳೆ ತೊಟ್ಟ ಕೈ, ಅಂಗೈಯಲ್ಲಿ ಕೆಂಪು ಎಳೆಗಳು. ಕರಿಯ ಕೊಳವೆಯಿಂದ ಹಿಂದುಮುಂದಾಗಿ ಹೊರಬಂದು, ಕೈಯನ್ನು ಒಂದು ಸುತ್ತು ಹಾಕಿ, ಒಂದೊಂದೇ ಎಳೆ ಎಳೆದುಕೊಂಡಿತು. ಅವ್ವ ಅದನ್ನು ನಾಲ್ಕು ಸಲ ಹಾಕಿಸಿಕೊಂಡು ನೋಡಿದಳು. ಮಾರನೇ ಬೆಳಿಗ್ಗೆ ನರ್ಸ್ ವಾಕರ್ ತಂದಾಗ ಅದನ್ನು ಹಿಡಿದು ನಿಂತಳು. ನನಗೆ ಅಳು ಬಂತು, ಮೊಬೈಲ್ ನೋಡುವವನಂತೆ ಆಚೆ ಹೋದೆ.

ಹದಿನೈದು ದಿನ ಕಳೆದು ಕರಿಯನನ್ನು ಮನೆಗೆ ತಂದೆವು. ಶಾಜಿಯಾಗೆ ಥ್ಯಾಂಕ್ಸ್ ಹೇಳಿದೆ. ಬೈದದ್ದರ ಮಾತೆತ್ತಲಿಲ್ಲ, ಎರಡು ದಿನ ಹುಳ ತರಿಸದೆ ಇದ್ದದ್ದು ಅವರ ತಪ್ಪೇ ತಾನೇ ಎಂದುಕೊಂಡಿದ್ದೆ.

ನಿಜ ಗೊತ್ತಾದದ್ದು ಈ ವರ್ಷ, ಬಕ್ರೀದ್ ಕಳೆದ ನಾಲ್ಕನೇ ದಿನ. ಕೋಲು ಹಿಡಿದು ಓಡಾಡುವಷ್ಟಾದ ಅವ್ವ, ಹುಳ ತಾನೇ ಆರಿಸಿ ತರಬೇಕೆಂದು ನನ್ನ ಜೊತೆ ಹುಣಸೂರಿಗೆ ಹೊರಟಳು. ಅಂಗಡಿಯಲ್ಲಿ ಶಕೀಲ್ ಒಂದು ಸ್ಟ್ಯಾಂಡಿಗೆ ಉಪ್ಪುಕಾಗದ ಉಜ್ಜುತ್ತಿದ್ದರು. ಅವ್ವನನ್ನು ನೋಡಿ, "ನಿಮ್ ಕರಿಯ ಹೋದ್ವರ್ಷ ನಮ್ಮನೆಯವ್ಳನ್ನ ಊರೆಲ್ಲ ಸುತ್ತಿಸ್ತು ಕಣಮ್ಮ" ಎಂದು ನಗುತ್ತ ಶುರುಮಾಡಿದರು. ಶಾಜಿಯಾ ಬೇಡವೆಂದು ಕಣ್ಣಲ್ಲೇ ಹೇಳಿದರು. ಅವ್ವ ಬಿಡಲಿಲ್ಲ.

ಆದದ್ದು ಇಷ್ಟು. ಹಬ್ಬದ ದಿನ ಬೇರೆ ಊರಿಗೆ ಹೋಗಿದ್ದು ಮರುದಿನ ಬರುವ ನೆಂಟರಿಗೆಂದು, ಬಕ್ರೀದಿಗೆ ಬಲಿಕೊಟ್ಟ ಕುರ್ಬಾನಿಯ ಮಾಂಸದ ಹನ್ನೊಂದು ಪಾಲನ್ನು ಕಪ್ಪು ಕವರುಗಳಲ್ಲಿ ಕಟ್ಟಿ ಫ್ರೀಜರಿನಲ್ಲಿಟ್ಟಿದ್ದರು. ಮರುದಿನ ಶಕೀಲ್ ಹನ್ನೊಂದು ಕಪ್ಪು ಪೊಟ್ಟಣ ಎಣಿಸಿ ಚೀಲಕ್ಕೆ ತುಂಬಿಕೊಂಡು ಬೈಕಿನಲ್ಲಿ ಹಂಚಿ ಬಂದರು. ಸಂಜೆ ಶಾಜಿಯಾ ಹುಳ ತೆಗೆಯಲು ಹೋದರೆ ಮೂಲೆಯಲ್ಲಿ ಪಾಲಿನದೇ ಒಂದು ಪೊಟ್ಟಣ, ಕೊಚ್ಚಿದ ಮಾಂಸದ ಕೈಮಾ, ಉಳಿದಿತ್ತು. ಹುಳ ಪಾಲಿನ ಜೊತೆ ಯಾವುದೋ ಮನೆ ಸೇರಿತ್ತು.

ಯಾವ ಮನೆ ಎಂದು ಗೊತ್ತಿಲ್ಲ. ಹಬ್ಬಕ್ಕೆ ಎಲ್ಲ ಕಡೆಯಿಂದ ಪಾಲು ಬರುವುದರಿಂದ, ಸುಮ್ಮನಿದ್ದಿದ್ದರೆ ಅದು ಯಾರ ಮನೆಯಿಂದ ಬಂದದ್ದೆಂದು ಯಾರೂ ಹೇಳುವಂತೆಯೂ ಇರಲಿಲ್ಲ. ಕುರ್ಬಾನಿ ಮಾಂಸದ ಪಕ್ಕದಲ್ಲಿ ಹುಳ ಇಡುತ್ತಾರಂತೆ ಎಂಬ ಮಾತು ಹುಟ್ಟಿದರೆ ನಾಳೆಯಿಂದ ಶಾಜಿಯಾ ಮನೆಯ ಪಾಲು ಯಾರು ತಗೊಂಡಾರು? ಕೇಳಲು ಹೋಗುವುದು ಬೇಡವೆಂದರು ಅತ್ತೆ, ಶಕೀಲೂ ಬೇಡವೆಂದರು. ಆದರೂ ಶಾಜಿಯಾ ಮಾರನೇ ಬೆಳಿಗ್ಗೆಯೇ ಹೊರಟು ಒಂದೊಂದು ಮನೆಯ ಬಾಗಿಲಲ್ಲೂ ನಿಂತು, ತಪ್ಪಾಗಿದೆ, ನಿಮ್ಮ ಫ್ರೀಜರ್ ಒಮ್ಮೆ ತೆಗೆಯಿರಿ, ನಮ್ಮ ಮೀನಿನ ಹುಳ ಬಂದಿರಬಹುದು ಎಂದು ಕೇಳಿದರು. ಕೆಲವರು ನಕ್ಕರು. ಕೆಲವರು ಮುಖ ಸಿಂಡರಿಸಿದರು. ಒಬ್ಬರು ಪಾಲನ್ನೇ ವಾಪಸ್ ಕೈಗಿಟ್ಟರು.

ಸಿಕ್ಕಿದ್ದು ಕಡೆಯ ಮನೆಯಲ್ಲಿ, ಶಕೀಲ್ ಅವರ ಚಿಕ್ಕಮ್ಮ ಅಕ್ತರುನ್ನೀಸಾ ಹತ್ತಿರ. ಮನೆತನದಲ್ಲೇ ಬಾಯಿ ಜೋರಿನ ಮುದುಕಿ. ಪೊಟ್ಟಣ ಬಿಚ್ಚಿ ನೋಡಿ ಬೈಯಲು ಶುರುಮಾಡಿದವರು ನಡುವೆ ತಾವೇ ನಿಲ್ಲಿಸಿ, "ಮಿಕ್ಕಿದ್ದು ನಾಳೆ ಬಂದು ಬಯ್ತೀನಿ. ಈಗ ತಗೊಂಡೋಗು, ಕರಗೋಗುತ್ತೆ" ಎಂದರಂತೆ. ಮಾತಿನಂತೆ ಮಾರನೇ ದಿನ ಬಂದು ಬೈದೂ ಹೋದರಂತೆ.

"ನೀವು ಫೋನ್ ಮಾಡ್ದಾಗ ಇವ್ಳು ಏಳ್ನೇ ಮನೆ ಬಾಗಿಲಲ್ಲಿ ನಿಂತಿದ್ಳು" ಎಂದರು ಶಕೀಲ್.

ನನಗೆ ತಲೆ ಎತ್ತಲಾಗಲಿಲ್ಲ. "ಅವತ್ತೇ ಯಾಕಮ್ಮ ಹೇಳ್ಲಿಲ್ಲ?" ಎಂದೆ.

"ಹುಳ ಕಳ್ದೋಗೈತೆ ಅಂದ್ರೆ ಅಮ್ಮನ ಕಿವಿಗೆ ಬೀಳೋದಲ್ವಾ ಅಣ್ಣ. ಅವ್ರು ಎದ್ದು ನಿಲ್ಲೋದು ಕರಿಯ ಉಣ್ಣೋದ್ರ ಮೇಲೆ ಐತೆ ಅಂತ ನೀವೇ ಅಂದಿದ್ರಿ. ನಾನು ನಾಕು ಮಾತು ಅನ್ಸ್ಕೊಂಡ್ರೆ ಏನೋಯ್ತು."

ನಾನು ಎದ್ದು ನಿಂತು, ಶಕೀಲ್ ಮುಂದೆ, ಒಳಗಿದ್ದ ಅತ್ತೆಗೂ ಕೇಳುವಂತೆ, ತಪ್ಪಾಯಿತೆಂದು ಕೈ ಮುಗಿದೆ. ನಾನು ಯಾರಿಗೂ ಸುಲಭಕ್ಕೆ ಕೈ ಮುಗಿಯುವವನಲ್ಲ. ಅವತ್ತು ಮುಗಿದಾಗ ನಾನು ಸಣ್ಣವನಾದೆ ಅನಿಸಲಿಲ್ಲ, ಮನಸ್ಸು ಹಗುರವೆನಿಸಿತು.

ಅವ್ವ ಮಾತ್ರ ಬೇರೆ ಏನನ್ನೋ ಯೋಚಿಸುತ್ತಿದ್ದಳು. "ಈ ಸಲ ಹಬ್ಬಕ್ಕೆ ಎಲ್ರೂ ನಿಮ್ ಪಾಲು ಈಸ್ಕಂಡ್ರೇನವ್ವ?" ಎಂದು ಕೇಳಿದಳು.

ಶಾಜಿಯಾ ಜರಡಿ ತೊಳೆಯುತ್ತಿದ್ದರು. "ಮಿಕ್ಕೋರೆಲ್ಲ ತಗೊಂಡ್ರು ಕಣಮ್ಮ. ಎರಡು ಮನೆಯವ್ರು ಬೇಡ ಅಂದ್ರು. ಅದು ಫ್ರೀಜರಲ್ಲೇ ಐತೆ" ಎಂದರು, ತಿರುಗಿ ನೋಡದೆ.

ಅವ್ವ ಕೋಲೂರಿಕೊಂಡು ಎದ್ದಳು. ಹುಳಕ್ಕೆಂದು ತಂದಿದ್ದ ಸ್ಟೀಲ್ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ತನ್ನ ಕೈಚೀಲದ ಬಾಯಿ ಬಿಚ್ಚಿ ಶಾಜಿಯಾ ಮುಂದೆ ಹಿಡಿದಳು.

"ಆ ಎರಡೂ ಪಾಲು ಇದ್ಕಾಕವ್ವ. ಇನ್ಮೇಲೆ ವರ್ಸಾವರ್ಸ ಅವು ನಮ್ಮನೇವು."