ನನ್ನ ಎತ್ತರಕ್ಕೊಂದು ಕುದುರೆ

ನಾನು ಕುಳ್ಳಿ. ಕುಳ್ಳಗಿರುವವರ ಪಾಲಿಗೆ ಲೋಕದ ಅರ್ಧ ಸಾಮಾನು ಅಟ್ಟದ ಮೇಲೆಯೇ ಇರುತ್ತದೆ. ಉಪ್ಪಿನಕಾಯಿ ಭರಣಿಗಾದರೆ ಮಣೆಯ ಮೇಲೆ ಮಣೆ ಇಟ್ಟು ಹತ್ತಬಹುದು. ಕುದುರೆಗೆ ಏನು ಮಾಡುವುದು? ಅದು ಭರಣಿಯಂತೆ ಸುಮ್ಮನೆ ನಿಲ್ಲುವುದಿಲ್ಲ.

ನಲವತ್ತರ ದಶಕ, ನಿಜಾಮರ ಆಳ್ವಿಕೆಯ ಕಾಲ. ಅಳವಂಡಿಯಲ್ಲಿ ನಾನು ಹೆರಿಗೆಯ ನರ್ಸಾಗಿದ್ದೆ. ಸುತ್ತಲೂ ಎರೆಭೂಮಿ. ಮಳೆ ಬಿದ್ದರೆ ಚಕ್ಕಡಿಯ ಗಾಲಿ ಅಚ್ಚಿನ ಮಟ ಹೂತುಹೋಗುತ್ತಿತ್ತು. ನಡೆದರೆ ಹೊಲದ ಅರ್ಧ ಮಣ್ಣು ಕಾಲಿಗೇ ಅಂಟಿ ಬರುತ್ತಿತ್ತು. ಕುದುರೆಯಿಲ್ಲದೆ ಈ ಕೆಲಸ ಸಾಗದೆಂದು ಊರ ಗೌಡರು ತಮ್ಮ ಹಿತ್ತಲಲ್ಲಿ ನನಗೆ ಸವಾರಿ ಕಲಿಸತೊಡಗಿದ್ದರು. ಅವರ ಬಳಿ ಎರಡಿದ್ದವು: ತಾವು ಏರುವ ಎತ್ತರದ ಕೆಂದು ಕುದುರೆ, ಹೇರು ಹೊರುವ ಗಿಡ್ಡ ತಟ್ಟು.

"ಕುದುರಿ ಹೆಗಲು ಏರಾವ್ರ ಮೂಗಿಗಿಂತ ಮ್ಯಾಲಿರಬಾರದ್ರಿ ಅಕ್ಕಾರ. ನಿಮಗ ತಟ್ಟುನ ಛಲೋ" ಎನ್ನುತ್ತಿದ್ದರು.

ಕೆಂದು ಕುದುರೆಯ ಹೆಗಲು ನನ್ನ ನೆತ್ತಿಗಿಂತ ಮೇಲಿತ್ತು. ಅದರ ಪಕ್ಕ ನಿಂತರೆ ನನಗೆ ಹೊಟ್ಟೆ ಮಾತ್ರ ಕಾಣುತ್ತಿತ್ತು. ತಟ್ಟುವಿನ ಮೇಲೆ ಕೂತಾಗಲೂ ಜೀನನ್ನು ಎರಡೂ ಕೈಯಿಂದ ಹಿಡಿದೇ ಇರುತ್ತಿದ್ದೆ. ಕಲಿಯುವುದಕ್ಕಿಂತ ಇಳಿಯುವುದರಲ್ಲೇ ನನ್ನ ಆಸಕ್ತಿ.

ಹೀಗಿರುವಾಗ ಒಂದು ಮಧ್ಯಾಹ್ನ ಹಳ್ಳದಾಚೆಯ ಊರಿನ ಬಸಣ್ಣ ಓಡಿ ಬಂದ. ಅವನ ಹೆಂಡತಿ ಸಂಗವ್ವನಿಗೆ ಚೊಚ್ಚಲ ಹೆರಿಗೆ, ಹಿಂದಿನ ದಿನದಿಂದ ಬೇನೆ. ಗೌಡರು ತಟ್ಟುವನ್ನು ಬಿಚ್ಚಿ ತಂದರು. ನಾನು ಬಸಣ್ಣನ ಅಂಗಿ ನೋಡಿದೆ. ಎದೆಯ ಮಟ ತೊಯ್ದಿತ್ತು. ಅವನು ಆರಡಿ ಆಳು. ಅವನ ಎದೆ ಎಂದರೆ ನನ್ನ ಕಣ್ಣು.

"ನೀರು ಇನ್ನೂ ಏರಾಕ ಹತ್ತೈತಿ" ಎಂದ ಬಸಣ್ಣ. "ತಟ್ಟು ತೇಲಿ ಹೋಗ್ತೈತ್ರಿ."

ಗೌಡರು ನನ್ನ ಮುಖ ನೋಡಿದರು. ಹಳ್ಳವು ಏರಿದವರ ಎತ್ತರ ಕೇಳಿ ಹರಿಯುವುದಿಲ್ಲವಲ್ಲ. "ಕೆಂದು ಕುದುರಿ ಬಿಚ್ಚರಿ" ಎಂದೆ. ಆ ಮಾತು ನನ್ನ ಬಾಯಿಂದ ಬಂತೆಂದು ನನಗೇ ನಂಬಿಕೆಯಾಗಲಿಲ್ಲ.

ಕಚ್ಚೆ ಬಿಗಿದು ಕಟ್ಟೆಯ ಮೇಲಿಂದ ಹತ್ತಿದೆ. ಪಾದ ಇಡುವ ರಿಕಾಪು ಕಾಲಿಗೆ ಎಟುಕಲಿಲ್ಲ. ಅದು ತೂಗುಬಿದ್ದ ತೊಗಲ ಪಟ್ಟಿಯೊಳಗೇ ಹೆಬ್ಬೆರಳು ತುರುಕಿಕೊಂಡೆ. ಔಷಧದ ಚೀಲವನ್ನು ಎದೆಗೆ ಕಟ್ಟಿಕೊಂಡೆ. ಅಲ್ಲಿಂದ ನೆಲ ಎಷ್ಟು ಕೆಳಗಿತ್ತೆಂದರೆ, ಮನೆಯ ಮಾಳಿಗೆಯೇ ನಡೆಯತೊಡಗಿದಂತೆ ಕಂಡಿತು.

ಹಳ್ಳ ರಾಡಿಯಾಗಿ, ಗಿಡ ಗಂಟಿಗಳನ್ನು ಉರುಳಿಸಿಕೊಂಡು ಬರುತ್ತಿತ್ತು. ಬಸಣ್ಣ ಲಗಾಮು ಹಿಡಿದು ಮುಂದೆ ಇಳಿದ. ನೀರು ಅವನ ಕುತ್ತಿಗೆಗೆ ಬಂತು, ನನ್ನ ತೊಡೆಗೆ ಬಂತು. ನಡುವೆ ಕುದುರೆಯ ಮುಂಗಾಲು ಯಾವುದೋ ಗುಂಡಿಗೆ ಜಾರಿತು. ನಾನು ಅದರ ಕತ್ತಿನ ಮೇಲೆ ಬೋರಲಾಗಿ ಬಿದ್ದು, ಜೂಲನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದೆ. ದೇವರ ಹೆಸರು ನೆನಪಾಗಲಿಲ್ಲ. ನನ್ನ ಹೆಸರೂ ನೆನಪಿತ್ತೋ ಇಲ್ಲವೋ. ಕಣ್ಣು ತೆರೆದಾಗ ಆಚೆ ದಡದಲ್ಲಿದ್ದೆ.

ಮನೆ ಮುಂದೆ ಇಳಿಯಲು ಬರಲಿಲ್ಲ, ಕಾಲು ಮರಗಟ್ಟಿದ್ದವು. ಬಸಣ್ಣ ನನ್ನನ್ನು ಜೋಳದ ಚೀಲದಂತೆ ಎತ್ತಿ ಇಳಿಸಿದ. ಒಳಗೆ ಗೋಡೆಗೊರಗಿ ಕೂತಿದ್ದ ಸಂಗವ್ವ ಅದನ್ನೆಲ್ಲ ತೆರೆದ ಬಾಗಿಲಿನ ಮೂಲಕ ನೋಡಿದಳು. ಅಲ್ಲಿಯವರೆಗೆ, ನಾ ಉಳಿಯಂಗಿಲ್ಲ, ನಾ ಉಳಿಯಂಗಿಲ್ಲ ಎಂದೇ ಅಳುತ್ತಿದ್ದಳಂತೆ.

ಹೊಟ್ಟೆ ಮುಟ್ಟಿ ನೋಡಿದೆ. ಕೂಸು ಕಾಲು ಮುಂದಾಗಿ ಬರುತ್ತಿತ್ತು. ನನ್ನ ಎದೆ ಮತ್ತೊಮ್ಮೆ ಹಳ್ಳಕ್ಕಿಳಿಯಿತು.

"ಅಕ್ಕಾರ, ನಿಮ್ಮ ಕೈ ಯಾಕ ನಡಗಾಕ ಹತ್ತಾವ?" ಎಂದಳು.

ಸುಳ್ಳು ಹೇಳಲು ತ್ರಾಣವಿರಲಿಲ್ಲ. "ಕುದುರಿಗೆ ಅಂಜೀನವ್ವ. ನೀರಿಗೂ ಅಂಜೀನಿ."

"ಅಂಜಿಕೊಂತನ ಬಂದ್ರೇನ್ರಿ?"

"ಹೂಂ, ಅಂಜಿಕೊಂತನ ಬಂದೆ."

ಮುಂದಿನ ಬೇನೆ ಬರುವವರೆಗೆ ಅವಳು ಆ ಮಾತನ್ನೇ ಯೋಚಿಸುತ್ತಿದ್ದಳು. ಬೇನೆ ಬಂದಾಗ ನನ್ನ ಮಣಿಕಟ್ಟು ಹಿಡಿದು, "ಹಂಗಾರ ನಾನೂ ಅಂಜಿಕೊಂತನ ಹಡೀತೀನ್ರಿ" ಎಂದಳು.

ದೀಪ ಹಚ್ಚುವ ಹೊತ್ತಿಗೆ ಹೆಣ್ಣು ಕೂಸು ಅತ್ತಿತು. ಸ್ವಲ್ಪ ತಡವಾಗಿ ಅತ್ತಿತು. ಆ ತಡದಲ್ಲಿ ನಾನು ಕೂಸಿನ ಬೆನ್ನು ತಿಕ್ಕುತ್ತಿದ್ದೆ, ಸಂಗವ್ವ ಅದರ ಮುಖವನ್ನೇ ನೋಡುತ್ತಿದ್ದಳು.

ಮರುವರ್ಷ ಕುಷ್ಟಗಿಯ ಸಂತೆಯಲ್ಲಿ ನನ್ನದೇ ಒಂದು ಗಿಡ್ಡ ಕುದುರೆ ಕೊಂಡೆ. ಮೊದಲ ಮಳೆಗಾಲ, ಎಲ್ಲೋ ಬಾಣಂತಿಯನ್ನು ನೋಡಿ ಮರಳುತ್ತಿದ್ದೆ. ಹಳ್ಳದಲ್ಲಿ ಮೊಣಕಾಲುದ್ದ ನೀರು. ಕುದುರೆ ಮೂಸಿ ನೋಡಿತು, ಕಿವಿ ಹಿಂದಕ್ಕೆ ಮಡಿಚಿತು, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತುಬಿಟ್ಟಿತು. ಹೊಡೆಯಲು ಕೈ ಎತ್ತಿದವಳು ಹಾಗೆಯೇ ಇಳಿಸಿದೆ. ಎತ್ತರ ಹೊಂದುವುದೊಂದನ್ನೇ ಎಲ್ಲರೂ ಹೇಳುತ್ತಾರೆ. ಅಂಜಿಕೆಯೂ ಇಷ್ಟು ಸರಿಯಾಗಿ ಹೊಂದೀತೆಂದು ಯಾರೂ ಹೇಳಿರಲಿಲ್ಲ. ಅವತ್ತು ಯಾರೂ ನಮ್ಮ ದಾರಿ ಕಾಯುತ್ತಿರಲಿಲ್ಲ. ನೀರು ಇಳಿಯುವವರೆಗೆ ಇಬ್ಬರೂ ದಡದಲ್ಲಿ ನಿಂತೆವು.