ಡ್ರಮ್ಮಿನೊಳಗೆ ಮೂರು ತಲೆಮಾರಿನ ಮಣ್ಣು

ಹೋದ ವಾರ ನಮ್ಮ ಓಣಿಯವರು ಯಾರೂ ಮಧ್ಯಾಹ್ನ ಕಣ್ಣು ಮುಚ್ಚಿಲ್ಲ. ತಪ್ಪು ನನ್ನದಲ್ಲ, ನಮ್ಮ ಹಿತ್ತಲಿನ ಡ್ರಮ್ಮಿನದು.

ಹಳೇ ಚಿಮಣಿ ಎಣ್ಣೆ ಡ್ರಮ್ಮು. ನಟ್ಟನಡುವೆ ಹಾಯಿಸಿದ ಬಂಡಿಯ ಅಚ್ಚು, ಒಂದು ಕಡೆ ಹಿಡಿಕೆ, ಹೊಟ್ಟೆಯೊಳಗೆ ಲಾರಿ ಗ್ಯಾರೇಜಿನ ಗುಜರಿಯಿಂದ ಆರಿಸಿ ತಂದ ಕಬ್ಬಿಣದ ಗುಂಡುಗಳು. ತಿರುಗಿಸಿದರೆ ಗುಡುಗು! ಎದುರು ಮನೆಯಾಕೆ ಮಳೆ ಬಂತೆಂದು ಮಾಳಿಗೆ ಮೇಲಿನ ಸಂಡಿಗೆ ಒಳಗೆ ಹೊತ್ತೊಯ್ದಳು. ಆಕಾಶ ನೋಡಿದಳು. ಆಮೇಲೆ ನನ್ನ ಮೇಲೆ ಬಂದಳು.

"ಏನ್ರಿ ಇದು ಗದ್ದಲ?"

"ಬಂಗಾರ ಬೀಸಾಕತ್ತೇವ್ರಿ" ಅಂದೆ.

ಮನೆಗೆ ಹೋಗಿ ಒಂದು ಮಣೆ ತಂದು ನೋಡಲು ಕೂತಳು. (ಬಂಗಾರ ಅಂದರೆ ಯಾವ ಗದ್ದಲವೂ ಸಂಗೀತವೇ, ಹೌದಲ್ಲ?)

ಬಂಗಾರ ನನ್ನದಲ್ಲ, ನನ್ನ ಸಾಲಿ ಗೆಳೆಯ ಪತ್ತಾರ ಕಾಳಪ್ಪನದು. ವಿಜಾಪುರದ ಪೇಟೆಯಲ್ಲಿ ಅವನ ಅಜ್ಜ ಹಾಕಿದ ಬಂಗಾರದ ಕೆಲಸದ ಅಂಗಡಿ ಇದೆ; ಡ್ರಮ್ಮು ತಿರುಗಿಸಲು ಅಲ್ಲಿ ಜಾಗವಿಲ್ಲ, ಅದಕ್ಕೇ ನಮ್ಮ ಹಿತ್ತಲು. ಮಗಳು ಗಂಗವ್ವನಿಗೆ ಬಬಲೇಶ್ವರದ ಗಂಡು ಗೊತ್ತಾಗಿದೆ. ಕಾಳಪ್ಪನ ಮನೆತನದಲ್ಲಿ ಒಂದು ರೂಢಿ: ಮಗಳ ತಾಳಿ ಅಪ್ಪನ ಸ್ವಂತ ಬಂಗಾರದ್ದೇ ಆಗಬೇಕು, ಕೊಂಡು ತಂದದ್ದು ನಡೆಯುವುದಿಲ್ಲ. ದಿನಾ ಬಂಗಾರ ಮುಟ್ಟುವ ಮನುಷ್ಯ, ಆದರೆ ಮುಟ್ಟಿದ್ದೆಲ್ಲ ಗಿರಾಕಿಯದು. ಅವನದು ಅನ್ನುವಂಥದ್ದು ಕೆಳಗೆ ಉದುರಿದ್ದು, ಒಲೆಗೆ ಅಂಟಿದ್ದು, ಬಂಗಾರ ಕರಗಿಸುವ ಮೂಸೆಯಲ್ಲಿ ಉಳಿದದ್ದು ಮಾತ್ರ. ಈ ಮಹಾಯುದ್ಧ ಬಂದು ಬಂಗಾರ ತುಟ್ಟಿಯಾದಾಗಿನಿಂದ ಹೊಸ ಒಡವೆ ಮಾಡಿಸುವವರೂ ಕಡಿಮೆ, ಹಾಗಾಗಿ ಉದುರುವುದೂ ಕಡಿಮೆ.

ಅಜ್ಜನ ಕಾಲದಿಂದ ಒಡೆದ ಮೂಸೆಗಳು, ಕಿತ್ತ ಒಲೆಯ ಇಟ್ಟಂಗಿಗಳು ಅಂಗಡಿಯ ಹಿಂದೆ ಗುಡ್ಡೆ ಬಿದ್ದಿದ್ದವು. ಅವುಗಳ ಮೈಯೊಳಗೆ ಸಿಕ್ಕಿಕೊಂಡ ಬಂಗಾರ ಬರೀ ನೀರಿಗೆ ಬಿಡುವುದಿಲ್ಲ, ಹಿಟ್ಟಿನಂತೆ ನುಣ್ಣಗೆ ಅರೆಯಬೇಕು. ಗಣಿಯಲ್ಲಿ ದುಡಿದು ಬಂದ ಅವನ ಭಾವಮೈದುನ ಡ್ರಮ್ಮಿನ ಉಪಾಯ ಹೇಳಿ ತನ್ನ ಊರಿಗೆ ಹೋದ. ಎಷ್ಟು ತುಂಬಬೇಕು ಅಂತ ಹೇಳುವುದನ್ನು ಮರೆತು ಹೋದ!

ನಾವು ಬಾಯಿಮಟ್ಟ ತುಂಬಿದೆವು. ಬೆವರು ಸುರಿಸಿ ತಿರುಗಿಸಿದೆವು. ಸಪ್ಪಳವೇ ಇಲ್ಲ. ಬಿಚ್ಚಿದರೆ ಹಾಕಿದ ಇಟ್ಟಂಗಿ ಹಾಕಿದಂತೆಯೇ ಕೂತಿದೆ.

"ಹಿಟ್ಟಿನ ಡಬ್ಬಿ ತುಂಬಿದಂಗ ತುಂಬೀರಲ್ರಿ, ಗುಂಡು ಉರುಳಾಕ ಜಾಗಾ ಬ್ಯಾಡಾ?" ಅಂದಳು ನಮ್ಮಾಕೆ. ಅರ್ಧ ಖಾಲಿ ಮಾಡಿದೆವು. ಆಗ ಶುರುವಾಯಿತು ಗುಡುಗು. ಉತ್ಸಾಹಕ್ಕೆ ಜೋರಾಗಿ ತಿರುಗಿಸಿದರೆ ಗುಂಡುಗಳು ಗೋಡೆಗೆ ಅಂಟಿಕೊಂಡು ಸುಮ್ಮನೆ ಸುತ್ತುತ್ತಿದ್ದವು. ಜೋಳ ಬೀಸುವ ಹದಕ್ಕೆ ನಿಧಾನ ಮಾಡಿದ ಮೇಲೆ ಇಟ್ಟಂಗಿ ಸೋತಿತು.

ದಿನ ಕಳೆದಂತೆ ನೋಡುವವರು ಹೆಚ್ಚಾದರು. ಕಾಳಪ್ಪನ ಮುಖ ಸಣ್ಣದಾಯಿತು.

"ಯಾಕೋ, ಕಡಿಮಿ ಬಂದೀತಂತ ಅಂಜಿಕೇನು?" ಅಂದೆ.

"ಕಡಿಮಿ ಬಂದ್ರ ತಾಳಿ ಇಲ್ಲ."

"ಭಾಳ ಬಂದ್ರ?"

"ಭಾಳ ಬಂದ್ರ ನಾನಽ ಇಲ್ಲ. ಇಷ್ಟು ಬಂಗಾರ ನೆಲಕ್ಕ ಬಿದ್ದಿತ್ತೋ, ಬೀಳಿಸಿದ್ರೋ ಅಂತ ಕೇಳ್ತಾರ ಮಂದಿ. ನಮ್ಮಪ್ಪನ ಹೆಸರೂ ಹೋಗತೈತಿ, ನಂದೂ."

ನನಗೆ ನಗು ಬಂತು. ಆಮೇಲೆ ಬರಲಿಲ್ಲ. ಪತ್ತಾರನ ತಕ್ಕಡಿಯನ್ನು ಅನುಮಾನದಿಂದ ನೋಡದ ಮನೆ ನಮ್ಮಲ್ಲಿ ಯಾವುದಿದೆ? ನನ್ನ ಮನೆಯೂ ಅಲ್ಲ.

ಅರೆದು ಮುಗಿದ ದಿನ ಬೆಳಗ್ಗೆ ತಿಕೋಟದಿಂದ ಸಂಗವ್ವಜ್ಜಿ ಬಂಡಿ ಕಟ್ಟಿಸಿಕೊಂಡು ಬಂದಿಳಿದಳು. ಈಕೆಯ ಪಾಟಲಿ ಬಳೆಗಳನ್ನು ಮಾಡಿದ್ದು ಕಾಳಪ್ಪನ ಅಪ್ಪ. ಕೊಟ್ಟದ್ದಕ್ಕಿಂತ ಹಗುರಾಗಿ ಬಂದವು ಅಂತ ಅವತ್ತಿನಿಂದ ಸಿಕ್ಕವರಿಗೆಲ್ಲ ಹೇಳುತ್ತ ಬಂದಾಕೆ. ಡ್ರಮ್ಮಿನ ಸುದ್ದಿ ತಿಕೋಟಕ್ಕೂ ಮುಟ್ಟಿತ್ತು!

ಅಜ್ಜಿ ಎದುರಿಗೇ ಕೂತಳು. ಕಾಳಪ್ಪ ಅರೆದ ಪುಡಿಯನ್ನು ಪರಾತದಲ್ಲಿ ಹಾಕಿ ತೊಳೆದ. ಹಗುರಾದದ್ದು ನೀರಿನ ಜೊತೆ ಹೋಯಿತು. ತಳದಲ್ಲಿ ಉಳಿದದ್ದಕ್ಕೆ, ಬಂಗಾರ ಹಿಡಿಯಲೆಂದು, ಪಾದರಸ ಹಾಕಿ ತಿಕ್ಕಿದ, ಅರಿವೆಯಲ್ಲಿ ಹಿಂಡಿದ. ಹೊಗೆ ವಿಷವೆಂದು ನಮ್ಮನ್ನೆಲ್ಲ ದೂರ ಅಟ್ಟಿ, ಗಾಳಿಗೆ ಬೆನ್ನು ಮಾಡಿ ಕೂತು ಕಾಸಿದ. ಕೊನೆಗೆ ಕಸರು ಬಿಡಲೆಂದು ಬಿಳಿಗಾರ ಹಾಕಿ ಬೆಂಕಿ ಊದಿದ. ಮೂಸೆಯಲ್ಲಿ ಹಳದಿ ಗುಂಡೊಂದು ಕಣ್ಣು ಬಿಟ್ಟಿತು. ಪುಟಾಣಿ ಕಾಳಿನಷ್ಟು. ತಾಳಿಗೆ ಸಾಕು.

ಹಿಂದಿನಿಂದ ಯಾರೋ ಗೊಣಗಿದರು: "ನೆಲಕ್ಕಽ ಇಷ್ಟು ಬಿದ್ದಿತ್ತಂದ್ರ..."

ಅಷ್ಟರಲ್ಲಿ ಅಜ್ಜಿ ಬೆರಳು ಚಾಚಿದಳು. "ಇದು ನನ್ನ ಪಾಟಲೀದು."

ಕಾಳಪ್ಪ ಕೈ ಮುಗಿದ. "ಯವ್ವಾ, ನಾವು ಕದ್ದವರಲ್ಲ ಬೇ."

"ಕದ್ದೀ ಅಂತ ಯಾರಂದ್ರಲೇ? ನಿಮ್ಮಪ್ಪ ಕದ್ದಿದ್ದರ ಗಡಿಗ್ಯಾಗ ತುಂಬಿ ಹುಗದಿಟ್ಟು ಹೋಗ್ತಿದ್ದ. ನೀ ಯಾಕ ಎಂಟ ದಿನ ಇಟ್ಟಂಗಿ ಅರೀತಿದ್ದಿ? ಇಷ್ಟು ದಿನ ನಾ ಸುಳ್ಳಽ ಬಾಯಿ ಬಡಕೊಂಡೆ. ಬಿದ್ದಿತ್ತು, ಎದ್ದು ಬಂತು. ನಂದು ಮದುವಿ ಆಯೇರಿ ಅಂತ ಹುಡುಗಿ ತಾಳಿಗೆ ಹಾಕು."

ಕಾಳಪ್ಪ ಊದುಗೊಳವೆ ಕೆಳಗಿಟ್ಟು ಅಜ್ಜಿಯ ಕಾಲು ಮುಟ್ಟಿದ.

ಅಲ್ಲಿಂದ ಶುರುವಾಯಿತು ನೋಡಿ! "ನಮ್ಮವ್ವನ ಕೊರಳಾಗಿನ ಬೋರಮಾಳದ್ದೂ ಒಂದು ಚೂರು ಐತಿ ಅದರಾಗ" ಅಂದಳು ಎದುರು ಮನೆಯಾಕೆ. "ನಮ್ಮಪ್ಪನ ಉಂಗುರದ್ದೂ" ಅಂದ ಮತ್ತೊಬ್ಬ. ಗೊಣಗಿದವನೇ ಎಲ್ಲರಿಗಿಂತ ಜೋರಾಗಿ, "ನಮ್ಮ ಮನ್ಯಾಗಿನ ಮೂಗುಬಟ್ಟೂ ಇಲ್ಲೇ ಮಾಡ್ಸಿದ್ದು, ಬರಕೋರಿ ನಮ್ಮ ಆಯೇರಿ!" ಅಂದ. ಕೈಯಿಂದ ಕಾಸು ಬಿಚ್ಚದೆ ಆಯೇರಿ ಮಾಡುವ ಇಂಥ ಸುಖ ಯಾರು ಬಿಟ್ಟಾರು?

ಬಬಲೇಶ್ವರದ ಬೀಗರೇ, ಆಯೇರಿ ಮಾಡಿದವರು ಊಟ ಬಿಡುವುದಿಲ್ಲ ಅನ್ನುವುದು ನಿಮಗೂ ಗೊತ್ತು. ಪುಟಾಣಿ ಕಾಳಿನಷ್ಟು ತಾಳಿಯ ಹಿಂದೆ ಅರ್ಧ ವಿಜಾಪುರ ಮದುವಿಗೆ ನಿಮ್ಮೂರಿಗೆ ಬರಾಕತ್ತೈತ್ರಿ, ಅಡಗಿಗೆ ಹಂಡೆ ಎಷ್ಟು ಇಟ್ಟೀರಿ?