ಕಲಾಯಿ ಚಾಚಾನ ಹೊಗೆ

ಸೊರಬದ ಕಡೆಯ ಗದ್ದೆ, ಕೆರೆಗಳನ್ನು ಆಮ್ಲಮಳೆ ಮುಂದೆ ಎಷ್ಟು ಕೆಡಿಸಬಹುದೆಂದು ನಾನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಿದ್ದ ಕಾಲ. ಶಿಕಾರಿಪುರದಲ್ಲಿ ನಮ್ಮ ಎದುರುಮನೆಯ ಚಾಚಾ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಒಂದು ಬೆಳಿಗ್ಗೆ ನೋಡಿದರೆ ಅವರ ಕುಲುಮೆ ತಣ್ಣಗಿತ್ತು.

“ಯಾಕೆ ಚಾಚಾ, ಕೆಲಸ ಇಲ್ವಾ?” ಎಂದೆ.

“ಐತ್ರೀ. ಆದ್ರೆ ನಮ್ ಹೊಗೆಯಿಂದ್ಲೇ ಮಳೆ ಹುಳಿ ಆಗೋದು ಅಂತಾರೆ ಓಣಿಯೋರು. ರೈತರ ಗದ್ದೆ ಕೆಡ್ಸಿ ನಾನು ಹೆಂಗೆ ಉಣ್ಲಿ?”

ನನಗೆ ಸಂಕಟವಾಯಿತು. ಲ್ಯಾಪ್‌ಟಾಪ್ ತಂದು, ಅವರ ಹೊಗೆಯನ್ನೂ ಲೆಕ್ಕಕ್ಕೆ ಸೇರಿಸಿ ತೋರಿಸಿದೆ. ಪರದೆಯ ಮೇಲೆ ಮಣ್ಣಿನ ಹುಳಿ ತೋರಿಸುವ ಗೆರೆ ಕೂದಲೆಳೆಯಷ್ಟೂ ಅಲುಗಲಿಲ್ಲ.

“ಮಳೆ ಕೆಡಿಸೋದು ದೊಡ್ಡ ದೊಡ್ಡ ಕಾರ್ಖಾನೆ ಹೊಗೆ ಚಾಚಾ, ನಿಮ್ಮದಲ್ಲ.”

“ಇನ್ನೊಂದ್ಸಲ ತೋರಿಸ್ರೀ,” ಎಂದರು.

ಮತ್ತೆ ತೋರಿಸಿದೆ. ಅವರು ಕಣ್ಣೊರೆಸಿಕೊಂಡು, ಒಳಗಿದ್ದ ಹೆಂಡತಿಯನ್ನು ಕೂಗಿ ಇದ್ದಿಲು ತರಲು ಹೇಳಿದರು.